ಅಳಿಸಿದ ಅಕ್ಷರಗಳೂ ಪಾಠ ಹೇಳುತ್ತವೆ

ಹಿಂದಿನ ಕಾಲದಲ್ಲಿ ಮಕ್ಕಳು ಲೆಕ್ಕ ಮಾಡುತ್ತಿದ್ದುದು ಸ್ಲೇಟಿನ ಮೇಲೆ. ತಪ್ಪಿದರೆ ಒದ್ದೆ ಬಟ್ಟೆಯಿಂದಲೋ ಅಂಗೈಯಿಂದಲೋ ಒರಸಿ ಮತ್ತೆ ಬರೆಯುವುದು ವಾಡಿಕೆಯಾಗಿತ್ತು. ಅಧ್ಯಾಪಕರ ಮುಂದೆ ಸ್ಲೇಟು ಹಿಡಿಯುವ ಹೊತ್ತಿಗೆ ಅದರಲ್ಲಿ ಉತ್ತರವೊಂದೇ ಉಳಿದಿರುತ್ತಿತ್ತು. ಆ ಉತ್ತರಕ್ಕೆ ಹುಡುಗ ಯಾವ ದಾರಿಯಿಂದ ಬಂದ, ಎಲ್ಲಿ ಎಡವಿದ, ಪಕ್ಕದವನ ಸ್ಲೇಟಿನತ್ತ ಎಷ್ಟು ಸಲ ಇಣುಕಿದ ಎಂಬುದು ಒರಸಿದ ನೀರಿನೊಂದಿಗೆ ಆರಿಹೋಗುತ್ತಿತ್ತು. ಕಾಗದದ ಮೇಲೆ ಬರೆಯತೊಡಗಿದ ಮೇಲೆ ಈ ಕೊರತೆ ಸ್ವಲ್ಪ ನೀಗಿತು. ಗಣಿತದ ಪರೀಕ್ಷೆಯಲ್ಲಿ ಉತ್ತರದೊಡನೆ ಕ್ರಮವನ್ನೂ ಬರೆಯಬೇಕು. ಉತ್ತರ ತಪ್ಪಿದರೂ ಕ್ರಮಕ್ಕೆ ಅಂಕವುಂಟು. ಹೊಡೆದುಹಾಕಿದ ಸಾಲನ್ನು ನೋಡಿಯೇ ಅನುಭವಿ ಅಧ್ಯಾಪಕರು ಮಗುವಿನ ತೊಡಕನ್ನು ಊಹಿಸಬಲ್ಲರು.

ಇಂದು ನಮ್ಮ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದಾರೆ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಅದರ ಫಲವಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೂ ಪ್ರೌಢಶಾಲೆಯ ಹಂತದಲ್ಲೇ ಪೈಥಾನ್ ಭಾಷೆಯ ಪರಿಚಯವಾಗುತ್ತಿದೆ. ಆದರೆ ಒಂದು ವಿಷಯದಲ್ಲಿ ಕಂಪ್ಯೂಟರು ನಮ್ಮನ್ನು ಮರಳಿ ಸ್ಲೇಟಿನ ಕಾಲಕ್ಕೇ ಕರೆದೊಯ್ದಿದೆ. ಅಳಿಸುವ ಕೀಲಿಯನ್ನು ಒತ್ತಿದೊಡನೆ ತಪ್ಪು ಗುರುತಿಲ್ಲದಂತೆ ಮಾಯವಾಗುತ್ತದೆ. ಕೊನೆಯಲ್ಲಿ ಅಧ್ಯಾಪಕರ ಕೈಸೇರುವುದು ಅಚ್ಚುಕಟ್ಟಾದ ಪ್ರೋಗ್ರಾಂ ಮಾತ್ರ. ಅದು ಬೆಳೆದ ಬಗೆ ಕಾಣಿಸುವುದಿಲ್ಲ.

ಈ ಮರೆಯಾದ ದಾರಿಯನ್ನು ಮತ್ತೆ ಕಾಣುವ ಉಪಾಯವೊಂದಿದೆ. ಅದೇ ಕೀಲಿಯೊತ್ತಿನ ದಾಖಲೆ. ಅದು ಏನು, ಅದರಿಂದ ಏನು ತಿಳಿಯುತ್ತದೆ, ಎಲ್ಲಿ ಅದು ನಮ್ಮನ್ನು ದಾರಿತಪ್ಪಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಕೀಲಿಯೊತ್ತಿನ ದಾಖಲೆ ಎಂದರೇನು?

ಕೀಲಿಮಣೆಯ ಒಂದು ಕೀಲಿಯನ್ನು ಒತ್ತಿದಾಗ ಮೂರು ಸಂಗತಿಗಳನ್ನು ಬರೆದಿಡಬಹುದು: ಒತ್ತಿದ ಕೀಲಿ ಯಾವುದು, ಒತ್ತಿದ ಕ್ಷಣ ಯಾವುದು, ಅದರಿಂದ ಬರಹದ ಯಾವ ಸ್ಥಳದಲ್ಲಿ ಏನು ಸೇರಿತು ಅಥವಾ ಏನು ಅಳಿಯಿತು. ಕ್ಷಣವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಸೂಕ್ಷ್ಮವಾಗಿ ಅಳೆಯಬಹುದು. ಇದರೊಂದಿಗೆ ಪ್ರೋಗ್ರಾಮನ್ನು ಓಡಿಸಿ ನೋಡಿದ ಸಮಯ, ಬಂದ ದೋಷದ ಸಂದೇಶ, ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದ ಭಾಗ ಇವೂ ದಾಖಲಾಗುತ್ತವೆ. ಇಷ್ಟಿದ್ದರೆ ಬರಹವು ಖಾಲಿ ಪರದೆಯಿಂದ ಕೊನೆಯ ರೂಪದ ತನಕ ಬೆಳೆದುದನ್ನು ಚಲನಚಿತ್ರದಂತೆ ಮತ್ತೊಮ್ಮೆ ಓಡಿಸಿ ನೋಡಬಹುದು.

ಕಣ್ಣಿಗೆ ಕಾಣುವ ಬರಹಕ್ಕೂ ಬೆರಳಿನ ಕೆಲಸಕ್ಕೂ ಇರುವ ವ್ಯತ್ಯಾಸಕ್ಕೆ ನಮ್ಮ ಭಾಷೆಯಿಂದಲೇ ಉದಾಹರಣೆ ಕೊಡಬಹುದು. ‘ಕನ್ನಡ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಇನ್‌ಸ್ಕ್ರಿಪ್ಟ್ ವಿನ್ಯಾಸದ ಕೀಲಿಮಣೆಯಲ್ಲಿ ಅದನ್ನು ಮೂಡಿಸಲು ಐದು ಸಲ ಒತ್ತಬೇಕು: ಕ, ನ, ಹಲಂತದ ಚಿಹ್ನೆ, ಮತ್ತೆ ನ, ಡ. ಪರದೆಯ ಮೇಲೆ ಮೂರು ಅಕ್ಷರ, ದಾಖಲೆಯಲ್ಲಿ ಐದು ಒತ್ತು. ನಡುವೆ ಒಮ್ಮೆ ತಪ್ಪಿ ಅಳಿಸಿದರೆ ಏಳು.

ಎಲ್ಲ ದಾಖಲೆಗಳೂ ಇಷ್ಟು ಸೂಕ್ಷ್ಮವಾಗಿರಬೇಕೆಂದಿಲ್ಲ. ಕೆಲವೆಡೆ ಪ್ರತಿ ಸಾಲಿನ ಬದಲಾವಣೆಯನ್ನು ಮಾತ್ರ ಇಡುತ್ತಾರೆ. ಕೆಲವೆಡೆ ಪ್ರೋಗ್ರಾಂ ಓಡಿಸಿದಾಗಲೆಲ್ಲ ಅದರ ಒಂದು ಪ್ರತಿ ಉಳಿಯುತ್ತದೆ. ಹೆಚ್ಚಿನ ಕಡೆ ಉಳಿಯುವುದು ಒಪ್ಪಿಸಿದ ಕೊನೆಯ ಪ್ರತಿ ಮಾತ್ರ. ಪ್ರಯಾಣಕ್ಕೆ ಹೋಲಿಸಿದರೆ, ಒಬ್ಬರು ಪ್ರಯಾಣಿಕನ ಟಿಕೇಟನ್ನಷ್ಟೇ ನೋಡುತ್ತಾರೆ, ಇನ್ನೊಬ್ಬರು ಬಸ್ಸು ನಿಂತ ನಿಲ್ದಾಣಗಳನ್ನು ಲೆಕ್ಕ ಹಾಕುತ್ತಾರೆ, ಮತ್ತೊಬ್ಬರು ಅವನ ಒಂದೊಂದು ಹೆಜ್ಜೆಯನ್ನೂ ನೋಡುತ್ತಾರೆ.

ತಂತಿಯ ಕಾಲದ ಒಂದು ಪಾಠ

ಬೆರಳಿನ ಚಲನೆಯನ್ನು ಅಳೆದು ಕಲಿಕೆಯನ್ನು ಅರಿಯುವ ಯತ್ನ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ವಿಲಿಯಂ ಬ್ರಯಾನ್ ಮತ್ತು ನೋಬಲ್ ಹಾರ್ಟರ್ ಎಂಬವರು ಟೆಲಿಗ್ರಾಫ್ ಕಲಿಯುವವರನ್ನು ಅಭ್ಯಸಿಸಿ 1897 ಮತ್ತು 1899ರಲ್ಲಿ ಎರಡು ಪ್ರಬಂಧಗಳನ್ನು ಪ್ರಕಟಿಸಿದರು. ಸಂದೇಶ ಕಳುಹಿಸುವ ವೇಗ ದಿನೇ ದಿನೇ ಏರುತ್ತಿತ್ತು. ಆದರೆ ಬಂದ ಸಂದೇಶವನ್ನು ಕೇಳಿ ಗ್ರಹಿಸುವ ವೇಗ ಸ್ವಲ್ಪ ಏರಿ, ಬಳಿಕ ಬಹಳ ಕಾಲ ಒಂದೇ ಮಟ್ಟದಲ್ಲಿ ನಿಂತು, ಅನಂತರ ಮತ್ತೆ ಏರುತ್ತಿತ್ತು. ಹೊರಗಿನಿಂದ ನೋಡುವವರಿಗೆ ಆ ಕಾಲವೆಲ್ಲ ವ್ಯರ್ಥವೆನಿಸುವುದು ಸಹಜ. ಬ್ರಯಾನ್ ಮತ್ತು ಹಾರ್ಟರ್ ಹಾಗೆ ಭಾವಿಸಲಿಲ್ಲ. ಬಿಡಿ ಅಕ್ಷರಗಳನ್ನು ಕೇಳುತ್ತಿದ್ದ ಕಿವಿ ಇಡೀ ಪದಗಳನ್ನೂ ಪದಗುಚ್ಛಗಳನ್ನೂ ಒಂದೇ ಏಟಿಗೆ ಹಿಡಿಯಲು ಆಗ ಸಿದ್ಧವಾಗುತ್ತಿರುತ್ತದೆ ಎಂದು ಅವರು ವಿವರಿಸಿದರು.

ಭಾರತದಲ್ಲಿ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಆದರೆ ಆ ಹಳೆಯ ಅಭ್ಯಾಸದ ಪಾಠ ಹಳತಾಗಿಲ್ಲ. ಕಲಿಯುವವನು ನಿಂತಂತೆ ಕಂಡ ಮಾತ್ರಕ್ಕೆ ಅವನ ಕಲಿಕೆ ನಿಂತಿದೆ ಎನ್ನಲಾಗದು.

1980ರಲ್ಲಿ ಸ್ಟೂವರ್ಟ್ ಕಾರ್ಡ್, ಥಾಮಸ್ ಮೊರಾನ್ ಮತ್ತು ಅಲನ್ ನ್ಯೂವೆಲ್ ಎಂಬ ವಿಜ್ಞಾನಿಗಳು ಕಂಪ್ಯೂಟರಿನ ಕೆಲಸವನ್ನು ಕೀಲಿಯೊತ್ತುಗಳಾಗಿ ಬಿಡಿಸಿ ಲೆಕ್ಕ ಹಾಕುವ ಕ್ರಮವೊಂದನ್ನು ಪ್ರಕಟಿಸಿದರು. ಟೈಪಿಂಗ್ ಚೆನ್ನಾಗಿ ಬಲ್ಲವರಿಗೆ ಒಂದು ಒತ್ತಿಗೆ ಸುಮಾರು 0.2 ಸೆಕೆಂಡು, ಮುಂದಿನ ಹೆಜ್ಜೆಗೆ ಮನಸ್ಸು ಸಿದ್ಧವಾಗಲು ಸುಮಾರು 1.35 ಸೆಕೆಂಡು ಎಂದು ಅವರು ಇಟ್ಟುಕೊಂಡರು. ಒಂದು ಸಣ್ಣ ಸಿದ್ಧತೆಗೆ ಆರೇಳು ಒತ್ತುಗಳ ಕಾಲ ಬೇಕು ಎಂದಾಯಿತು. ಒತ್ತುಗಳಷ್ಟೇ ಒತ್ತುಗಳ ನಡುವಿನ ಮೌನವೂ ಮುಖ್ಯವೆಂದು ಇದರಿಂದ ಅರಿಯಬಹುದು.

ಒಂದೇ ಉತ್ತರ, ಎರಡು ದಾರಿ

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 1ರಿಂದ 10ರ ವರೆಗಿನ ಸಂಖ್ಯೆಗಳ ಮೊತ್ತವನ್ನು ಕಂಡುಹಿಡಿಯುವ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಬರೆಯಬೇಕಾಗಿದೆ. ಸರಿಯಾದ ಉತ್ತರ 55. ಮೊತ್ತ ಎಂಬ ಹೆಸರಿಗೆ ಮೊದಲು 0 ಬೆಲೆ ಕೊಟ್ಟು, ಬಳಿಕ ರೇಂಜ್ ಎಂಬ ಆದೇಶದ ನೆರವಿನಿಂದ ಒಂದೊಂದೇ ಸಂಖ್ಯೆಯನ್ನು ಕೂಡಿಸುತ್ತಾ ಹೋದರಾಯಿತು. ಒಟ್ಟು ನಾಲ್ಕು ಸಾಲು. ಆದರೆ ಇಲ್ಲಿ ಒಂದು ತೊಡಕಿದೆ. ಪೈಥಾನ್‌ನಲ್ಲಿ ರೇಂಜ್ (1, 10) ಎಂದು ಬರೆದರೆ 1ರಿಂದ 9ರ ವರೆಗಿನ ಸಂಖ್ಯೆಗಳು ಮಾತ್ರ ಬರುತ್ತವೆ. ಕೊನೆಯ ಸಂಖ್ಯೆ ಸೇರುವುದಿಲ್ಲ. 10 ಸೇರಬೇಕಾದರೆ ರೇಂಜ್ (1, 11) ಎನ್ನಬೇಕು.

ಮೊದಲನೆಯ ವಿದ್ಯಾರ್ಥಿನಿಯ ದಾಖಲೆ ಹೀಗಿದೆ ಎಂದಿಟ್ಟುಕೊಳ್ಳಿ:

1 ನಿಮಿಷ 20 ಸೆಕೆಂಡು: ನಾಲ್ಕು ಸಾಲು ಬರೆದು ಓಡಿಸಿದಳು. ಒಂದು ಸಾಲಿನ ಕೊನೆಯಲ್ಲಿ ‘:’ ಚಿಹ್ನೆ ಇಲ್ಲವೆಂಬ ಸಂದೇಶ ಬಂತು.
1 ನಿಮಿಷ 27 ಸೆಕೆಂಡು: ಚಿಹ್ನೆ ಸೇರಿಸಿ ಓಡಿಸಿದಳು. ಉತ್ತರ 45.
ಮುಂದಿನ 48 ಸೆಕೆಂಡು: ಯಾವ ಕೀಲಿಯನ್ನೂ ಒತ್ತಲಿಲ್ಲ.
2 ನಿಮಿಷ 15 ಸೆಕೆಂಡು: ರೇಂಜ್ ಆದೇಶದಲ್ಲಿ 10 ಇದ್ದುದನ್ನು 11 ಮಾಡಿ ಓಡಿಸಿದಳು. ಉತ್ತರ 55.

ಎರಡನೆಯ ವಿದ್ಯಾರ್ಥಿಯ ದಾಖಲೆ ಹೀಗಿದೆ:

1 ನಿಮಿಷ 5 ಸೆಕೆಂಡು: ನಾಲ್ಕು ಸಾಲು ಬರೆದು ಓಡಿಸಿದನು. ಉತ್ತರ 45.
1 ನಿಮಿಷ 10 ಸೆಕೆಂಡು: ರೇಂಜ್ (0, 10) ಮಾಡಿದನು. ಉತ್ತರ 45.
1 ನಿಮಿಷ 16 ಸೆಕೆಂಡು: ರೇಂಜ್ (1, 9) ಮಾಡಿದನು. ಉತ್ತರ 36.
1 ನಿಮಿಷ 23 ಸೆಕೆಂಡು: ರೇಂಜ್ (1, 12) ಮಾಡಿದನು. ಉತ್ತರ 66.
1 ನಿಮಿಷ 29 ಸೆಕೆಂಡು: ರೇಂಜ್ (1, 11) ಮಾಡಿದನು. ಉತ್ತರ 55.

ಇಬ್ಬರೂ ಒಪ್ಪಿಸಿದ ಪ್ರೋಗ್ರಾಮುಗಳಲ್ಲಿ ಒಂದಕ್ಷರದ ವ್ಯತ್ಯಾಸವಿಲ್ಲ. ಉತ್ತರವನ್ನಷ್ಟೇ ನೋಡುವವರು ಇಬ್ಬರಿಗೂ ಸಮಾನ ಅಂಕ ಕೊಡುತ್ತಾರೆ. ಗಡಿಯಾರವನ್ನೂ ನೋಡುವವರು ಹುಡುಗನಿಗೆ ಒಂದಂಕ ಹೆಚ್ಚು ಕೊಟ್ಟಾರು. ಅವನು ಮುಕ್ಕಾಲು ನಿಮಿಷ ಮೊದಲೇ ಮುಗಿಸಿದನಲ್ಲವೇ? ದಾಖಲೆಯನ್ನು ಓದಿದವರಿಗೆ ಬೇರೆಯೇ ಚಿತ್ರ ಕಾಣುತ್ತದೆ. 45 ಎಂಬ ಉತ್ತರವು 55ಕ್ಕಿಂತ ಸರಿಯಾಗಿ 10 ಕಡಿಮೆ ಇದೆ, ಎಂದರೆ ಕೊನೆಯ ಸಂಖ್ಯೆ ಬಿಟ್ಟುಹೋಗಿದೆ ಎಂದು ಹುಡುಗಿ ಆ 48 ಸೆಕೆಂಡುಗಳಲ್ಲಿ ಯೋಚಿಸಿರಬಹುದು. ಹುಡುಗನಾದರೋ ಐದಾರು ಸೆಕೆಂಡಿಗೊಮ್ಮೆ ಸಂಖ್ಯೆ ಬದಲಿಸುತ್ತಾ ಹೋದನು. ಉತ್ತರ ಸಿಕ್ಕಿತು, ಕಾರಣ ಸಿಕ್ಕಿತೋ ಇಲ್ಲವೋ.

ಆದರೆ ಇಲ್ಲಿಯೇ ಎಚ್ಚರ ಬೇಕು. ‘ಯೋಚಿಸಿರಬಹುದು’ ಎಂದೆನೇ ಹೊರತು ‘ಯೋಚಿಸಿದಳು’ ಎನ್ನಲಿಲ್ಲ. ಆ 48 ಸೆಕೆಂಡುಗಳಲ್ಲಿ ಅವಳು ಪಕ್ಕದವಳನ್ನು ಕೇಳಿರಬಹುದು. ಕರೆಂಟು ಹೋಗಿ ಬಂದಿರಲೂಬಹುದು. ಹುಡುಗನು ಬೇಕೆಂದೇ 9, 12, 11 ಎಂದು ಪ್ರಯೋಗ ಮಾಡಿ ರೇಂಜ್‌ನ ನಿಯಮವನ್ನು ತಾನೇ ಕಂಡುಕೊಂಡಿರಲೂಬಹುದು. ನಿಜ ತಿಳಿಯಬೇಕಾದರೆ ಇಬ್ಬರಿಗೂ 1ರಿಂದ 20ರ ವರೆಗಿನ ಮೊತ್ತ ಕೇಳಬೇಕು. ನಿಯಮ ಅರಿತವರು ನೇರವಾಗಿ 21 ಎಂದು ಬರೆಯುತ್ತಾರೆ. ಅರಿಯದವರ ಪರದೆಯ ಮೇಲೆ 210ರ ಬದಲು 190 ಬರುತ್ತದೆ. ಹೀಗೆ ದಾಖಲೆಯು ತೀರ್ಪು ಕೊಡುವುದಿಲ್ಲ. ಮುಂದೆ ಕೇಳಬೇಕಾದ ಪ್ರಶ್ನೆಯನ್ನು ಕೊಡುತ್ತದೆ.

ಸಂಶೋಧಕರು ಕಂಡದ್ದೇನು?

1986ರಲ್ಲಿ ಅಮೆರಿಕದಲ್ಲಿ ಡೇವಿಡ್ ಪರ್ಕಿನ್ಸ್ ಮತ್ತು ಸಂಗಡಿಗರು ಪ್ರೋಗ್ರಾಂ ಕಲಿಯುವ ಎಳೆಯರನ್ನು ಹತ್ತಿರದಿಂದ ಗಮನಿಸಿ ಒಂದು ಪ್ರಬಂಧ ಬರೆದರು. ತೊಡಕು ಎದುರಾದೊಡನೆ ಕೈಚೆಲ್ಲಿ ಕುಳಿತುಬಿಡುವವರು ಒಂದು ಬಗೆ. ಏನಾದರೊಂದು ಮಾಡಿ ಮುಂದೆ ಸಾಗುವವರು ಇನ್ನೊಂದು ಬಗೆ. ಸಾಗುವವರಲ್ಲೇ ಕೆಲವರು ಅಲ್ಲಿಷ್ಟು ಇಲ್ಲಿಷ್ಟು ಕೆದಕಿ ನೋಡುವವರು. ಕೆದಕುವುದು ದೋಷವಲ್ಲ, ತಾನು ಏನನ್ನು ಬದಲಿಸಿದೆ, ಅದರಿಂದ ಏನಾಯಿತು ಎಂಬ ನೆನಪಿಲ್ಲದೆ ಕೆದಕುವುದು ದೋಷ.

ಅದೇ ವರ್ಷ ಯೇಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಸ್ಪೋರರ್ ಮತ್ತು ಎಲಿಯಟ್ ಸೊಲೊವೇ ಅವರು ಪಾಸ್ಕಲ್ ಭಾಷೆ ಕಲಿಯುವವರ ಪ್ರೋಗ್ರಾಮುಗಳ ನಡುವಣ ಪ್ರತಿಗಳನ್ನು ಸಂಗ್ರಹಿಸಿ, ಅಧ್ಯಾಪಕರಲ್ಲಿ ಬಳಕೆಯಲ್ಲಿದ್ದ ನಂಬಿಕೆಗಳನ್ನು ಒರೆಗೆ ಹಚ್ಚಿದರು. ಕೆಲವೇ ಬಗೆಯ ತಪ್ಪುಗಳು ಮತ್ತೆ ಮತ್ತೆ ಬರುತ್ತವೆಂಬ ನಂಬಿಕೆ ನಿಜವೆನಿಸಿತು. ಆದರೆ ಭಾಷೆಯ ಆದೇಶಗಳು ಅರ್ಥವಾಗದಿರುವುದೇ ಹೆಚ್ಚಿನ ತಪ್ಪುಗಳಿಗೆ ಕಾರಣವೆಂಬ ನಂಬಿಕೆಗೆ ಆಧಾರ ಸಿಗಲಿಲ್ಲ. ಬಿಡಿಬಿಡಿಯಾಗಿ ಗೊತ್ತಿದ್ದುದನ್ನು ಕೂಡಿಸಿ ಕಟ್ಟುವಲ್ಲಿಯೂ ವಿದ್ಯಾರ್ಥಿಗಳು ಎಡವುತ್ತಿದ್ದರು. ಪದಗಳೆಲ್ಲ ಗೊತ್ತಿದ್ದರೂ ಪ್ರಬಂಧ ಬರೆಯಲು ತಿಣುಕುವ ಅನುಭವ ನಮಗೆಲ್ಲ ಇರುವುದೇ.

ಮುಂದೆ ಮ್ಯಾಥ್ಯೂ ಜಾಡುಡ್ ಎಂಬ ಸಂಶೋಧಕರು ಬ್ಲೂಜೆ ಎಂಬ ತಂತ್ರಾಂಶದಲ್ಲಿ ಜಾವಾ ಕಲಿಯುವವರ ದಾಖಲೆಗಳನ್ನು ಅಭ್ಯಸಿಸಿ, 2006ರಲ್ಲಿ ‘ದೋಷಾಂಕ’ ಎನ್ನಬಹುದಾದ ಒಂದು ಅಳತೆಯನ್ನು ಪ್ರಕಟಿಸಿದರು. ಅದರ ತತ್ತ್ವ ಸರಳ. ಒಮ್ಮೆ ತಪ್ಪು ಬಂದು, ಮುಂದಿನ ಯತ್ನದಲ್ಲೂ ತಪ್ಪು ಬಂದರೆ ಅಂಕ ಏರುತ್ತದೆ. ಅದೇ ತಪ್ಪು ಮರಳಿ ಬಂದರೆ ಇನ್ನಷ್ಟು ಏರುತ್ತದೆ. ಒಟ್ಟು ಅಂಕ 0 ಮತ್ತು 1ರ ನಡುವೆ ಇರುತ್ತದೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ: ತಪ್ಪು ಮಾಡಿದ ಮಾತ್ರಕ್ಕೆ ಈ ಅಂಕ ಏರುವುದಿಲ್ಲ, ತಪ್ಪಿನಲ್ಲೇ ಸಿಕ್ಕಿಬಿದ್ದರೆ ಏರುತ್ತದೆ. ಎಡವುವುದು ನಡೆಯುವವರ ಪಾಲು. ಅದೇ ಕಲ್ಲಿಗೆ ಮತ್ತೆ ಮತ್ತೆ ಎಡವುವವನಿಗೆ ಮಾತ್ರ ಕೈಹಿಡಿಯುವವರು ಬೇಕು.

2013ರಲ್ಲಿ ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾನಿಲಯದಲ್ಲಿದ್ದ ಬ್ಲೂಜೆ ತಂಡವು ಬ್ಲ್ಯಾಕ್‌ಬಾಕ್ಸ್ ಎಂಬ ದೊಡ್ಡ ಸಂಗ್ರಹವನ್ನು ಆರಂಭಿಸಿತು. ಲೋಕದ ನಾನಾ ಕಡೆಗಳಲ್ಲಿ ಬ್ಲೂಜೆ ಬಳಸುವವರಲ್ಲಿ ಒಪ್ಪಿಗೆ ಕೊಟ್ಟವರ ಕೆಲಸ ಮಾತ್ರ, ಹೆಸರಿಲ್ಲದೆ, ಅದರಲ್ಲಿ ಸೇರುತ್ತಿತ್ತು. ಈ ಸಂಗ್ರಹದಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ 3 ಕೋಟಿ 70 ಲಕ್ಷ ಯತ್ನಗಳನ್ನು ಪರಿಶೀಲಿಸಿದ ಪ್ರಬಂಧ 2015ರಲ್ಲಿ ಹೊರಬಂತು. ಆವರಣ ಚಿಹ್ನೆಗಳನ್ನು ತೆರೆದು ಮುಚ್ಚದಿರುವುದು ಅತ್ಯಂತ ಸಾಮಾನ್ಯವಾದ ತಪ್ಪು. ಆದರೆ ಅದನ್ನು ವಿದ್ಯಾರ್ಥಿಗಳು ಬೇಗನೆ ತಿದ್ದಿಕೊಳ್ಳುತ್ತಿದ್ದರು. ಎರಡು ಪದಗಳು ಒಂದೇ ಆಗಿವೆಯೇ ಎಂದು ತಪ್ಪು ರೀತಿಯಲ್ಲಿ ಹೋಲಿಸುವಂತಹ, ಅರ್ಥಕ್ಕೆ ಸಂಬಂಧಿಸಿದ ತಪ್ಪುಗಳು ಬಹಳ ಹೊತ್ತು ಉಳಿಯುತ್ತಿದ್ದವು. ಎಷ್ಟು ಸಲ ತಪ್ಪಿದರು ಎಂಬುದು ಬೇರೆ, ಎಷ್ಟು ಹೊತ್ತು ತೊಳಲಿದರು ಎಂಬುದು ಬೇರೆ. ಅದೇ ಸಂಶೋಧಕರು ಯಾವ ತಪ್ಪು ಹೆಚ್ಚು ಸಾಮಾನ್ಯವೆಂದು ಅಧ್ಯಾಪಕರನ್ನೂ ಕೇಳಿದ್ದರು. ಅಧ್ಯಾಪಕರಲ್ಲೇ ಒಮ್ಮತವಿರಲಿಲ್ಲ; ಅವರ ಊಹೆಗಳು ದಾಖಲೆಗೂ ಸರಿಯಾಗಿ ಹೊಂದಲಿಲ್ಲ. ಅಧ್ಯಾಪಕ ವೃತ್ತಿಯಲ್ಲಿರುವ ನಮ್ಮಂಥವರು ವಿನಯದಿಂದ ಒಪ್ಪಿಕೊಳ್ಳಬೇಕಾದ ಮಾತಿದು.

ಬೆರಳಿನ ವೇಗವನ್ನೇ ಅಳೆದವರೂ ಇದ್ದಾರೆ. ಒಂದು ಕೀಲಿಯಿಂದ ಇನ್ನೊಂದಕ್ಕೆ ಹೋಗಲು ಹಿಡಿಯುವ ಕಾಲವನ್ನು ನೋಡಿ, ವಿದ್ಯಾರ್ಥಿಗೆ ಮೊದಲೇ ಪ್ರೋಗ್ರಾಂ ಬರೆದ ಅನುಭವವಿದೆಯೇ ಎಂದು ಸ್ವಲ್ಪಮಟ್ಟಿಗೆ ಊಹಿಸಬಹುದೆಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಪ್ರೋಗ್ರಾಮಿನಲ್ಲಿ ಮಾತ್ರ ಹೆಚ್ಚಾಗಿ ಬರುವ ಚಿಹ್ನೆಗಳನ್ನು ಒತ್ತುವ ಬೆರಳು ಅಭ್ಯಾಸವಿದ್ದವರಲ್ಲಿ ತಡವರಿಸುವುದಿಲ್ಲ. 2022ರಲ್ಲಿ ಅಮೆರಿಕ ಮತ್ತು ಫಿನ್ಲೆಂಡಿನ ಸಂಶೋಧಕರು ಕೀಲಿಯೊತ್ತಿನ ದಾಖಲೆಯಿಂದ ವಿದ್ಯಾರ್ಥಿಗಳ ವಿರಾಮಗಳನ್ನು ಅಭ್ಯಸಿಸಿದಾಗ, ಹೆಚ್ಚು ಸಲ ನಿಲ್ಲುವವರ ಪರೀಕ್ಷಾಂಕ ಸಾಮಾನ್ಯವಾಗಿ ಕಡಿಮೆಯಿರುವುದು ಕಂಡಿತು. ಆದರೆ ಇದರಿಂದ ‘ನಿಲ್ಲಬೇಡಿ’ ಎಂಬ ಉಪದೇಶ ಹುಟ್ಟುವುದಿಲ್ಲ. ಜ್ವರ ಬಂದವನ ಮೈ ಬಿಸಿಯಾಗಿರುತ್ತದೆ. ತಣ್ಣೀರು ಸುರಿದು ಮೈ ತಣ್ಣಗೆ ಮಾಡಿದರೆ ರೋಗ ಹೋದಂತಾಗುವುದಿಲ್ಲ. ವಿರಾಮವು ಲಕ್ಷಣವಿರಬಹುದು, ಕಾರಣವೆಂದು ಹೇಳಲಾಗದು.

ದಾಖಲೆ ದಾರಿತಪ್ಪಿಸುವ ಬಗೆ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಪ್ರಯೋಗಾಲಯದ ಪಾಠದಲ್ಲಿ ಒಬ್ಬಳು ವಿದ್ಯಾರ್ಥಿನಿ ಮೊದಲ ಹತ್ತು ನಿಮಿಷ ಕೀಲಿಮಣೆಯನ್ನು ಮುಟ್ಟಲೇ ಇಲ್ಲ. ಬಳಿಕ ಒಂದೇ ಉಸಿರಿನಲ್ಲಿ ಇಡೀ ಪ್ರೋಗ್ರಾಮನ್ನು ಹೊಡೆದಳು. ಎಲ್ಲೂ ಅಳಿಸಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಮೊದಲ ಸಲ ಓಡಿಸಿದಾಗಲೇ ಸರಿಯುತ್ತರ. ಎಲ್ಲಿಂದಲೋ ನಕಲು ಮಾಡಿದ್ದಾಳೆಂದು ನಾನು ಭಾವಿಸಿದೆ. ತರಗತಿಯ ಎದುರೇ ಕೇಳಿಯೂ ಬಿಟ್ಟೆ. ಅವಳು ಮಾತಾಡದೆ ತನ್ನ ಲೆಕ್ಕದ ಪುಸ್ತಕವನ್ನು ತೆರೆದು ಹಿಡಿದಳು. ಎರಡು ಪುಟಗಳ ತುಂಬ ಅದೇ ಪ್ರೋಗ್ರಾಂ, ಪೆನ್ಸಿಲಿನಲ್ಲಿ, ಹೊಡೆದುಹಾಕಿ ತಿದ್ದಿ ಮತ್ತೆ ಬರೆದದ್ದು. “ಮನೆಯಲ್ಲಿ ಕಂಪ್ಯೂಟರ್ ಇಲ್ಲ ಸರ್, ಅದಕ್ಕೆ ಪುಸ್ತಕದಲ್ಲಿ ಮಾಡಿಕೊಂಡು ಬಂದೆ” ಎಂದಳು. ಕ್ಷಮಿಸೆಂದು ತರಗತಿಯ ಎದುರೇ ಹೇಳಿದೆ. ಆದರೆ ಮುಂದೆ ಕೆಲವು ವಾರ ಅವಳು ಬೇಕೆಂದೇ ನಡುನಡುವೆ ಒಂದೆರಡು ಅಕ್ಷರ ಅಳಿಸಿ ಬರೆಯುತ್ತಿದ್ದುದನ್ನು ಕಂಡು ನನಗೆ ನಾಚಿಕೆಯಾಯಿತು.

ಇಂದು ಈ ಮಾತಿಗೆ ಇನ್ನಷ್ಟು ಮಹತ್ತ್ವವಿದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕೇಳಿದೊಡನೆ ಪ್ರೋಗ್ರಾಂ ಬರೆದುಕೊಡುವ ಯಂತ್ರಗಳು ಎಲ್ಲರ ಕೈಗೆಟುಕಿವೆ. ವಿದ್ಯಾರ್ಥಿ ತಾನೇ ಬರೆದನೇ ಎಂದು ತಿಳಿಯಲು ಕೀಲಿಯೊತ್ತಿನ ದಾಖಲೆಯನ್ನು ನೋಡಬೇಕೆಂಬ ಯೋಚನೆಯೂ ಬಲಗೊಂಡಿದೆ. ನಲವತ್ತು ಸಾಲು ಒಂದೇ ಕ್ಷಣದಲ್ಲಿ ಅಂಟಿಕೊಂಡಿದ್ದರೆ ಸಂಶಯಕ್ಕೆ ಎಡೆಯುಂಟು. ಆದರೆ ತಪ್ಪಿಲ್ಲದೆ ಸರಾಗವಾಗಿ ಬರೆದವರೆಲ್ಲ ನಕಲುಗಾರರೆಂದರೆ, ಪುಸ್ತಕದಲ್ಲಿ ದುಡಿದು ಬಂದ ಮಗುವೇ ಮೊದಲು ಸಿಕ್ಕಿಬೀಳುತ್ತದೆ. ಕದ್ದವನು ನಿಧಾನವಾಗಿ ಒಂದೊಂದೇ ಅಕ್ಷರ ಹೊಡೆದು ಪಾರಾಗುತ್ತಾನೆ.

ಇನ್ನೊಂದು ತೊಡಕು ಭಾಷೆಯದು. ಬೆರಳಿನ ಗತಿಯಿಂದ ಅಂಕವನ್ನು ಊಹಿಸುವ ಲೆಕ್ಕಾಚಾರವು ವಿದ್ಯಾರ್ಥಿಯ ಬರಹದ ಭಾಷೆಯನ್ನೂ ಪ್ರೋಗ್ರಾಮಿನ ಭಾಷೆಯನ್ನೂ ಅವಲಂಬಿಸಿ ಬದಲಾಗುತ್ತದೆಂದು 2020ರ ಒಂದು ಸಂಶೋಧನೆ ತೋರಿಸಿದೆ. ಜಾಡುಡ್ ಅವರ ದೋಷಾಂಕವೂ ಒಂದು ಕಡೆ ಹೊಂದಿದಂತೆ ಇನ್ನೊಂದು ಕಡೆ ಹೊಂದಲಿಲ್ಲವೆಂದು 2015ರಲ್ಲಿ ಕಂಡುಬಂತು. ಕನ್ನಡದಲ್ಲಿ ಪಾಠ ಓದಿ, ಕನ್ನಡವನ್ನು ಒಂದು ವಿನ್ಯಾಸದಲ್ಲಿ ಟೈಪು ಮಾಡಿ, ಪ್ರೋಗ್ರಾಮಿಗೆ ಇಂಗ್ಲಿಷ್ ಅಕ್ಷರಗಳತ್ತ ಹೊರಳುವ ನಮ್ಮ ಮಕ್ಕಳು ಒಂದೊಂದು ಕೀಲಿಯನ್ನೂ ಹುಡುಕಿ ಒತ್ತುತ್ತಾರೆ. ಅದು ಬೆರಳಿನ ತಡವೇ ಹೊರತು ಬುದ್ಧಿಯ ತಡವಲ್ಲ. ಬೇರೊಂದು ನಾಡಿನ ಮಕ್ಕಳ ಬೆರಳಿನಿಂದ ತಯಾರಾದ ಅಳತೆಗೋಲನ್ನು ತಂದು ಇವರನ್ನು ‘ಹಿಂದುಳಿದವರು’ ಎಂದರೆ ಅನ್ಯಾಯವಾದೀತು.

ದಾಖಲೆ ಯಾರದು?

ಟೆಲಿಗ್ರಾಫಿನ ಕಾಲದಲ್ಲಿ ಸಂದೇಶ ಬರುವ ಲಯವನ್ನು ಕೇಳಿಯೇ ಆಚೆ ತುದಿಯಲ್ಲಿರುವವರು ಯಾರೆಂದು ಅನುಭವಿಗಳು ಹೇಳುತ್ತಿದ್ದರು. ಕೀಲಿಮಣೆಯ ಮೇಲೂ ಒಬ್ಬೊಬ್ಬರ ಲಯ ಒಂದೊಂದು. ದಾಖಲೆಯಿಂದ ಹೆಸರನ್ನು ಅಳಿಸಿದರೂ ಲಯದಿಂದಲೇ ವ್ಯಕ್ತಿಯನ್ನು ಗುರುತಿಸಲು ಸಾಧ್ಯವೆಂದು ಹೆಲ್ಸಿಂಕಿಯ ಸಂಶೋಧಕರು 2015ರಲ್ಲಿ ತೋರಿಸಿದರು. ಅದಕ್ಕೆ ಪರಿಹಾರವಾಗಿ ಕಾಲದ ಸೂಕ್ಷ್ಮ ಅಂಕಿಗಳನ್ನು ಒರಟುಗೊಳಿಸಿ ಪ್ರಕಟಿಸುವ ಉಪಾಯವನ್ನೂ 2017ರಲ್ಲಿ ಪರೀಕ್ಷಿಸಿದರು.

ಆದುದರಿಂದ ಇಂತಹ ದಾಖಲೆಯನ್ನು ಇಡುವ ಮೊದಲು ಮಕ್ಕಳಿಗೆ ತಿಳಿಸಬೇಕು, ಹೆತ್ತವರ ಒಪ್ಪಿಗೆ ಪಡೆಯಬೇಕು. ನಮ್ಮ ದೇಶದಲ್ಲಿ 2023ರಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ವಿವರಗಳ ಬಳಕೆಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಕಾನೂನಿನ ಮಾತು ಹಾಗಿರಲಿ. ಹಿಂದೆ ಯಾರೋ ನಿಂತು ಪ್ರತಿಯೊಂದು ತಪ್ಪನ್ನೂ ಎಣಿಸುತ್ತಿದ್ದಾರೆಂದು ತಿಳಿದ ಮಗು ತಪ್ಪು ಮಾಡಲು ಹೆದರುತ್ತದೆ. ತಪ್ಪು ಮಾಡಲು ಹೆದರಿದವರು ಕಲಿಯುವುದಾದರೂ ಹೇಗೆ? ದಾಖಲೆಯನ್ನು ಅಂಕ ಕಳೆಯಲು ಬಳಸಬಾರದು. ಮೊದಲು ಅದನ್ನು ವಿದ್ಯಾರ್ಥಿಗೇ ತೋರಿಸಿ, ‘ಇಲ್ಲಿ ನೀನು ಬಹಳ ಹೊತ್ತು ನಿಂತಿದ್ದೀಯಲ್ಲ, ಏನು ಯೋಚಿಸುತ್ತಿದ್ದೆ?’ ಎಂದು ಕೇಳಬೇಕು. ಉತ್ತರ ಕೊಡಬಲ್ಲವನು ಅವನೊಬ್ಬನೇ.

ನೀವೇ ಮಾಡಿ ನೋಡಿ

ಇದಕ್ಕೆ ವಿಶೇಷ ತಂತ್ರಾಂಶವೇ ಬೇಕೆಂದಿಲ್ಲ. ಇಬ್ಬರು ಗೆಳೆಯರು ಒಂದು ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಿ. ಒಬ್ಬರು ಪ್ರೋಗ್ರಾಂ ಬರೆಯಲಿ. ಇನ್ನೊಬ್ಬರು ಗಡಿಯಾರ ಮತ್ತು ಕಾಗದ ಹಿಡಿದು, ಬಾಯಿ ಬಿಡದೆ, ಓಡಿಸಿದ ಸಮಯ, ಬಂದ ಉತ್ತರ, ಬದಲಿಸಿದ ಭಾಗ, ಹದಿನೈದು ಸೆಕೆಂಡಿಗಿಂತ ದೀರ್ಘವಾದ ವಿರಾಮ ಇವುಗಳನ್ನು ಬರೆಯಲಿ. ಮುಗಿದ ಮೇಲೆ ಕಾಗದವನ್ನು ಬರೆದವರ ಕೈಗೇ ಕೊಡಿ. ಪ್ರತಿಯೊಂದು ವಿರಾಮದ ಎದುರು ಆಗ ಮನಸ್ಸಿನಲ್ಲಿ ಏನಿತ್ತೆಂದು ಅವರೇ ತುಂಬಲಿ. ಬಳಿಕ ಜಾಗ ಬದಲಿಸಿಕೊಳ್ಳಿ. ನಮ್ಮ ಪ್ರಯೋಗಾಲಯದಲ್ಲಿ ಈಗ ಹೀಗೆ ಮಾಡುವುದುಂಟು. ಮೇಲೆ ಹೇಳಿದ ವಿದ್ಯಾರ್ಥಿನಿ ತನ್ನ ಕಾಗದದಲ್ಲಿ ಮೊದಲ ಹತ್ತು ನಿಮಿಷದ ಎದುರು ‘ಪುಸ್ತಕದಲ್ಲಿ ಬರೆದುದನ್ನು ಬೆರಳಿಟ್ಟು ಓದಿದೆ’ ಎಂದು ತುಂಬಿದಳು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಒಬ್ಬ ವಿದ್ಯಾರ್ಥಿಯ ಪ್ರೋಗ್ರಾಮಿನಲ್ಲಿ ರೇಂಜ್ (1, 10) ಹಾಗೆಯೇ ಇದೆ. ಮೊತ್ತದ ಆರಂಭದ ಬೆಲೆ 0ಯ ಬದಲು 10 ಇದೆ. ಉತ್ತರ ಎಷ್ಟು ಬರುತ್ತದೆ? 10ರ ಜಾಗದಲ್ಲೆಲ್ಲ 20 ಇಟ್ಟರೆ ಏನಾಗುತ್ತದೆ? ಇದು ಅದೃಷ್ಟವೋ ಯುಕ್ತಿಯೋ? ದಾಖಲೆಯಲ್ಲಿ ಏನನ್ನು ಹುಡುಕುವಿರಿ, ಅವನಲ್ಲಿ ಏನನ್ನು ಕೇಳುವಿರಿ?

2. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ನಿಮ್ಮ ಊರಿನ ಹೆಸರನ್ನು ಬರೆಯಲು ಎಷ್ಟು ಸಲ ಒತ್ತಬೇಕು? ಕಣ್ಣಿಗೆ ಕಾಣುವ ಅಕ್ಷರಗಳ ಸಂಖ್ಯೆಯೊಡನೆ ಹೋಲಿಸಿರಿ.

3. ನಿಮ್ಮ ಗಣಿತದ ಪುಸ್ತಕದಲ್ಲಿ ಹೊಡೆದುಹಾಕಿದ ಒಂದು ಲೆಕ್ಕವನ್ನು ಹುಡುಕಿ. ಆಗ ಏಕೆ ಹಾಗೆ ಬರೆದಿರೆಂದು ಈಗ ಹೇಳಬಲ್ಲಿರಾ?